ನಾಡಿ ಹಿಡಿದು ಕೂತವನ ಕಾಗದ

ಲೋ ಗೆಳೆಯ,

ನಿನಗೊಬ್ಬನಿಗೇ ಕಳಿಸಿದರೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಮರೆತುಬಿಡ್ತೀಯ. ಅದಕ್ಕೇ ನಾಲ್ಕು ಜನರ ಮುಂದೆ ಹಾಕ್ತಿದ್ದೀನಿ, ಈಗ ಓದದೆ ವಿಧಿಯಿಲ್ಲ. ಮಿಕ್ಕವರು ಕ್ಷಮಿಸಬೇಕು. ನಡುವೆ ‘ಮೂರನೇ ಕೊಡೆ’ ಬಂದರೆ ಅದು ನಮ್ಮಿಬ್ಬರ ವ್ಯವಹಾರ.

ಹೋದ ವಾರ ಫೋನಲ್ಲಿ ಹೊಗಳಿದೆಯಲ್ಲ, ‘ಬೆಳಗ್ಗೆ ಐದೂವರೆಗೇ ಎದ್ದು ವಾಕಿಂಗ್ ಹೋಗ್ತೀಯಂತೆ, ಸಿಗರೇಟೂ ಬಿಟ್ಟೆಯಂತೆ, ಭೇಷ್’ ಅಂತ. ಆ ಭೇಷ್ ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. ನಾನು ಆರೋಗ್ಯಕ್ಕೆ ಅಂತ ನಡೀತಿಲ್ಲ ಕಣೋ. ಓಡಿಹೋಗ್ತಿದ್ದೀನಿ. ಮಂಡಿನೋವಿದೆಯಲ್ಲ, ಅದಕ್ಕೇ ನೋಡುವವರಿಗೆ ನಡಿಗೆಯ ಹಾಗೆ ಕಾಣುತ್ತೆ.

ಇದೆಲ್ಲ ಅವನು ಹೋದಮೇಲೆ ಶುರುವಾಯಿತು. ಯಾರು ಅಂತ ನಿನಗೆ ಹೇಳಬೇಕಾಗಿಲ್ಲ. ನಮ್ಮ ಮೂವರಲ್ಲಿ ಅವನೇ ಚಿಕ್ಕವನು. ಆವತ್ತಿನಿಂದ ರಾತ್ರಿ ದೀಪ ಆರಿಸಿದ ಮೇಲೆ ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸ್ತೀನಿ. ಮೊದಲ ಸಲಕ್ಕೆ 74. ‘ಅಯ್ಯೋ, 74 ಯಾಕೆ?’ ಅನ್ನುವಷ್ಟರಲ್ಲಿ 88. ಮತ್ತೆ ಎಣಿಸಿದರೆ 95. ನಿಮಿಷಕ್ಕೆ 70ರ ಲೆಕ್ಕ ಹಿಡಿದರೂ ದಿನಕ್ಕೆ ಒಂದು ಲಕ್ಷ ಸಲ ಬಡಿಯುವ ಪ್ರಾಣಿ ಅದು. ಐವತ್ತೆರಡು ವರ್ಷ ನನ್ನನ್ನು ಒಂದು ಮಾತೂ ಕೇಳದೆ ಬಡಿದುಕೊಂಡಿತ್ತು. ಈಗ ನಾನು ಪಹರೆಗೆ ನಿಂತಿದ್ದೇ ತಡ, ಅದಕ್ಕೂ ಗಾಬರಿ.

ಒಂದು ರಾತ್ರಿ ಬೆರಳ ತುದಿ ಜುಮುಗುಟ್ಟಿತು, ತುಟಿ ಜೋಮು ಹಿಡಿಯಿತು. ಮುಗಿಯಿತು ಅಂದುಕೊಂಡೆ. ಹೆಂಡತಿಯನ್ನು ಎಬ್ಬಿಸಿ ಬೀರುವಿನ ಕೀಲಿ ಎಲ್ಲಿದೆ ಅಂತ ಹೇಳಿದೆ. ‘ಐದು ವರ್ಷದಿಂದ ಅದು ನನ್ನ ಹತ್ರಾನೇ ಇದೆ’ ಅಂದಳು. ಮರುದಿನ ಡಾಕ್ಟರು ಇಸಿಜಿ ತೆಗೆದು ನೋಡಿ ನಕ್ಕರು. ಭಯ ಆದಾಗ ಏದುಸಿರು ಬಿಡ್ತೀವಿ, ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತೆ, ಆಗ ಬೆರಳು ತುಟಿ ಜುಮುಗುಟ್ಟುತ್ತವೆ ಅಂತ ವಿವರಿಸಿದರು. ‘ಬಿಡುವ ಉಸಿರನ್ನು ಉದ್ದ ಮಾಡಿ’ ಅಂದರು. ಅಂದರೆ ಸಾವು ಬಂದಿರಲಿಲ್ಲ, ಬಂತು ಅಂತ ನಾನೇ ಬಾಗಿಲು ತೆಗೆದಿಟ್ಟು ಏದುಸಿರು ಬಿಡ್ತಿದ್ದೆ. ಇರಲಿ ಅಂತ ರಕ್ತಪರೀಕ್ಷೆಯನ್ನೂ ಬರೆದುಕೊಟ್ಟರು. ಪರೀಕ್ಷೆ ಮಾಡಿಸಿ, ಲ್ಯಾಬಿನವರು ಕೊಟ್ಟ ಕವರು ತಂದೆ. ಆರು ವಾರವಾಯಿತು. ಡ್ರಾಯರಿನಲ್ಲಿ, ಕೆಟ್ಟುಹೋದ ಟಾರ್ಚಿನ ಕೆಳಗೆ, ಅಂಟಿಸಿದ್ದು ಅಂಟಿಸಿದ ಹಾಗೇ ಇದೆ.

ಭಯ ಒಂದೇ. ಅದೇ ನನ್ನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತೆ, ಅದೇ ಕವರು ಬಿಚ್ಚಲು ಬಿಡೋದಿಲ್ಲ. ಇದು ನನ್ನೊಬ್ಬನ ತಿಕ್ಕಲು ಅಂದುಕೊಂಡಿದ್ದೆ. ಗೋಲ್ಡನ್‌ಬರ್ಗ್, ಆರ್ನ್ಟ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2008ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸಾವಿನ ಯೋಚನೆ ಮೇಲ್ಮನಸ್ಸಿನಲ್ಲಿದ್ದರೆ ಮನುಷ್ಯ ಒಂದೋ ಮೈ ಕಡೆ ನಿಗಾ ಕೊಡ್ತಾನೆ, ಇಲ್ಲವೋ ಯೋಚನೆಯನ್ನೂ ಪರೀಕ್ಷೆಯನ್ನೂ ಒಟ್ಟಿಗೇ ಆಚೆ ತಳ್ಳುತ್ತಾನೆ. ಅದೇ ಯೋಚನೆ ಒಳಗಿಳಿದು ಕೂತರೆ ಆರೋಗ್ಯದ ಗೊಡವೆಯೇ ಇರೋದಿಲ್ಲ, ನಾಲ್ಕು ಜನರ ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕು. ನನ್ನ ಮುಂಜಾವಿನ ಫೋಟೋಗಳನ್ನು ಲೈಕ್ ಮಾಡಿದ ಮಹನೀಯರೇ, ಅರ್ಥವಾಯಿತಲ್ಲ?

ಮನೆಯಲ್ಲಿ ಇನ್ನೊಂದು ಕಥೆ. ಮಗ ಬಚ್ಚಲಮನೆ ದೀಪ ಆರಿಸಲಿಲ್ಲ ಅಂತ ಕೊಲೆ ಮಾಡಿದವನನ್ನು ಬೈದ ಹಾಗೆ ಬೈದೆ. 1989ರ ಒಂದು ಅಧ್ಯಯನ ಓದಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ಅಮೆರಿಕದ 22 ನ್ಯಾಯಾಧೀಶರಿಗೆ ಒಂದೇ ಮೊಕದ್ದಮೆ ಕೊಟ್ಟು ಜಾಮೀನಿನ ಮೊತ್ತ ಗೊತ್ತು ಮಾಡಿ ಅಂದರು. ಕೆಲವರಿಂದ ಮಾತ್ರ ಅದಕ್ಕೆ ಮುಂಚೆ ತಮ್ಮ ಸ್ವಂತ ಸಾವಿನ ಬಗ್ಗೆ ನಾಲ್ಕು ಸಾಲು ಬರೆಸಿದ್ದರು. ಉಳಿದವರು ಸರಾಸರಿ 50 ಡಾಲರು ಹೇಳಿದರೆ ಇವರು ಹೇಳಿದ್ದು 455. ನನ್ನ ಮಗ ಪಾಪ, 455ರ ಕೋರ್ಟಿಗೆ ಸಿಕ್ಕಿಬಿದ್ದಿದ್ದ.

ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ದೆ. ಆಗ್ತಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗ ‘ಕೆಲಸದ ಒತ್ತಡ, ಬರೋಕೆ ಆಗಲಿಲ್ಲ’ ಅಂದೆನಲ್ಲ, ಅದು ಸುಳ್ಳು. ಬಂದಿದ್ದೆ. ಗೇಟಿನ ಒಳಗೆ ಕಾರು ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಮುಕ್ಕಾಲು ಗಂಟೆ ಕೂತಿದ್ದೆ. ಅವನ ಮುಖ ನೋಡಿದರೆ ಅದರಲ್ಲಿ ನನ್ನದು ಕಾಣುತ್ತೆ ಅನ್ನಿಸಿತು. ಪಾರ್ಕಿಂಗಿನವನು ಬಂದು ಕಿಟಕಿ ತಟ್ಟಿದ, ವಾಪಸ್ ಹೊರಟೆ. ಮೂರು ದಿನದ ಮೇಲೆ ನಿನ್ನ ಫೋನು ಬಂತು. ನನ್ನ ಬಾಯಿಂದ ಬಂದ ಮೊದಲ ಮಾತು ನೆನಪಿದೆಯಾ? ‘ಅವನಿಗೆ ಶುಗರ್ ಇತ್ತಲ್ವಾ?’ ನೀನು ಸ್ವಲ್ಪ ಹೊತ್ತು ಸುಮ್ಮನಾದೆ. ಪಾಪ, ದುಃಖಕ್ಕೆ ಏನೋ ಮಾತಾಡ್ತಿದ್ದಾನೆ ಅಂದುಕೊಂಡಿರಬೇಕು. ನಾನು ಲೆಕ್ಕ ಹಾಕ್ತಿದ್ದೆ ಕಣೋ. ಅವನಿಗೆ ಶುಗರ್ ಇತ್ತು, ನನಗಿಲ್ಲ. ಅಳು ಬಂದಿದ್ದು ಆ ಲೆಕ್ಕ ಮುಗಿದ ಮೇಲೆ.

ಸಾಕು. ನಾಲ್ಕು ಜನರ ಮುಂದೆ ಹಾಕ್ತೀನಿ ಅಂತ ಶುರು ಮಾಡಿದ್ದೇ ತಪ್ಪಾಯಿತೇನೋ. ಎಪಿಕ್ಯೂರಸ್ ಅನ್ನೋ ಗ್ರೀಕನೊಬ್ಬ, ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಮತ್ತೆ ಹೆದರಿಕೆ ಯಾಕೆ ಅಂತ ಕೇಳಿದ್ದ. ಎಂಥಾ ಮಾತು! ಅಂಥವನನ್ನೂ ಕೊನೆಗೆ ಮೂತ್ರದ ಕಲ್ಲು ಕರೆದುಕೊಂಡು ಹೋಯಿತಂತೆ. ನನಗೆ ಅವನ ಮಾತಿಗಿಂತ ಕಲ್ಲಿನದೇ ಯೋಚನೆ.

ಇಷ್ಟು ಬರೆದ ಧೈರ್ಯದಲ್ಲಿ ಈಗ ಎದ್ದುಹೋಗಿ ಕವರು ಹರಿದೆ. ಒಳಗಿದ್ದದ್ದು ದುಡ್ಡು ಕಟ್ಟಿದ ರಸೀದಿ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ವರದಿಯನ್ನು ನಿಮ್ಮ ಮೊಬೈಲಿಗೆ ಕಳಿಸಲಾಗುವುದು’. ಆರು ವಾರ ನಾನು ರಸೀದಿಗೆ ಹೆದರಿಕೊಂಡು ಕೂತಿದ್ದೆ!

ಫೋನು ಮೇಜಿನ ಮೇಲೆ ಬೋರಲು ಮಲಗಿದೆ. ನಾಡಿ 96. ಭಾನುವಾರ ಬಾ, ನೀನೇ ತೆಗೆದು ಓದು. ಏನಾದರೂ ಎಡವಟ್ಟಾಗಿದ್ದರೆ ಮೂರನೇ ಕೊಡೆ ನಿನಗೇ ಬಿಟ್ಟೆ.

ನಿನ್ನ,
ಬೀರುವಿನ ಕೀಲಿ ಇಲ್ಲದವನು