ಬೀದರಿನಲ್ಲೇ ಆಗಲಿ ನಾಯಿಗಳ ಸ್ಕ್ಯಾನಿಂಗ್

ಮಾನ್ಯ ಸಂಪಾದಕರೇ,

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 22 ವರ್ಷಗಳಿಂದ ಎಕ್ಸ್‌ರೇ, ಸಿಟಿ ಸ್ಕ್ಯಾನ್ ತೆಗೆಯುವ ಕೆಲಸ ನನ್ನದು. ಬೈಕಿನಿಂದ ಬಿದ್ದವರನ್ನು ನಡುರಾತ್ರಿ ತಂದರೂ ಒಳಪೆಟ್ಟು ಎಲ್ಲಿದೆ ಎಂಬುದನ್ನು ಸ್ವಲ್ಪ ಹೊತ್ತಿನಲ್ಲೇ ಡಾಕ್ಟರ ಮುಂದಿಡುತ್ತೇವೆ. ನಮ್ಮ ಮನೆಯ ನಾಯಿಗೆ ಸ್ಕ್ಯಾನಿಂಗ್ ಬೇಕಾದಾಗ ಮೂರು ದಿನ ಕಳೆದವು. ಆ ಮೂರು ದಿನಗಳ ಸಲುವಾಗಿಯೇ ಈ ಪತ್ರ.

ಗುಂಡ ಆರು ವರ್ಷದ ಡ್ಯಾಷ್‌ಹೌಂಡ್. ಗಿಡ್ಡ ಕಾಲು, ಉದ್ದ ಬೆನ್ನು. ಕಳೆದ ಬೇಸಿಗೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಪಡಸಾಲೆಯ ಶಹಾಬಾದ್ ಪರ್ಸಿಯ ಮೇಲೆ ಏನೋ ಕೆರೆದಂತೆ ಸಪ್ಪಳವಾಯಿತು. "ಇಲ್ಲಿ ಬರ್ರಿ, ಗುಂಡ ಹಿಂದಿನ ಕಾಲ್ ಎಳಕೋತ ಬರ್ಲಿಕತ್ತದ" ಎಂದು ಮನೆಯವಳು ಕೂಗಿದಳು. ಹಿಂಗಾಲಿನ ಪಾದ ಒಳಕ್ಕೆ ಮಡಚಿಕೊಂಡು ಉಗುರು ಕಲ್ಲಿಗೆ ತಿಕ್ಕುತ್ತಿದ್ದವು. ಬಾಲ ಮಾತ್ರ ಇನ್ನೂ ಅಲ್ಲಾಡುತ್ತಿತ್ತು.

ಮೊದಲು ತೋರಿಸಿದಲ್ಲಿ, ಬಿಸಿಲಿಗೆ ನಿತ್ರಾಣವಾಗಿದೆ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ಬೇರೊಬ್ಬ ಪಶುವೈದ್ಯರು ಬೆನ್ನಿನ ಎಕ್ಸ್‌ರೇ ಮಾಡಿಸಿದರು. ಫಿಲ್ಮ್ ಬೆಳಕಿಗೆ ಹಿಡಿದು ನಾನೇ ಮಣಿಗಳನ್ನು ಎಣಿಸಿದೆ. ಮನುಷ್ಯರಿಗೆ ಎದೆಯ ಬೆನ್ನುಮಣಿ 12, ನಾಯಿಗೆ 13. ಕೊನೆಯ ಎರಡರ ನಡುವಿನ ಸಂದು ಪಕ್ಕದವುಗಳಿಗಿಂತ ಕಿರಿದಾಗಿತ್ತು. ಗೊತ್ತಾದದ್ದು ಅಷ್ಟೇ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಮಣಿಗಳ ನಡುವಿನ ಡಿಸ್ಕ್ ಒಡೆದು ಹುರಿಯನ್ನು ಎಷ್ಟು ಒತ್ತಿದೆ, ಎಡಕ್ಕೋ ಬಲಕ್ಕೋ ಎಂಬುದು ತಿಳಿಯದೆ ಯಾವ ಸರ್ಜನ್ನರೂ ಕೈ ಹಾಕುವುದಿಲ್ಲ. "ಎಂಆರ್‌ಐ ಆಗಬೇಕು ಸರ್, ಹೈದರಾಬಾದಿಗೆ ಕರ್ಕೊಂಡು ಹೋಗ್ರಿ" ಎಂದರು. ಅವತ್ತು ಅವರು ಫೋರ್ಸೆಪ್ಸ್‌ನಿಂದ ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಅದುಮಿದಾಗ ಗುಂಡ ಹೊರಳಿ ಕುಂಯ್ ಎಂದಿದ್ದ.

ಗಾಡಿ, ರಜೆ, ದುಡ್ಡು ಹೊಂದಿಸುವುದರಲ್ಲಿ ಒಂದು ರಾತ್ರಿ ಹೋಯಿತು. ಪ್ಲೈವುಡ್ ಹಲಗೆಗೆ ದುಪ್ಪಟಿ ಹಾಸಿ, ಬೆನ್ನು ಅಲುಗದಂತೆ ಕಟ್ಟಿ ಮಲಗಿಸಿಕೊಂಡು ಹೊರಟೆವು. 200 ಕಿಲೋಮೀಟರಿಗೂ ಮಿಕ್ಕ ದಾರಿ. ಹುಮನಾಬಾದಿನಲ್ಲಿ ಬೀದರಿನ ಕಡೆ ತಿರುಗುವ ರಸ್ತೆಯ ಫಲಕ ಕಂಡಾಗ ಹೊಟ್ಟೆ ಉರಿಯಿತು. ಪಶುವೈದ್ಯಕೀಯಕ್ಕೆಂದೇ ಇರುವ ನಮ್ಮ ರಾಜ್ಯದ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಆ ರಸ್ತೆಯ ತುದಿಯಲ್ಲಿದೆ. ನಾವು ಜಹೀರಾಬಾದಿನ ದಾರಿ ಹಿಡಿದಿದ್ದೆವು.

ಹೈದರಾಬಾದಿನಲ್ಲಿ ಸರ್ಜನ್ ಮತ್ತೆ ಬೆರಳು ಅದುಮಿದರು. ಗುಂಡ ಕಾಲು ಹಿಂದಕ್ಕೆ ಎಳೆದುಕೊಂಡ, ನನಗೆ ಜೀವ ಬಂದಂತಾಯಿತು. ಆದರೆ ಅವನು ತಲೆ ತಿರುಗಿಸಲಿಲ್ಲ, ದನಿ ತೆಗೆಯಲಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಿದ್ದ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿ ತಾನಾಗಿ ಮಾಡುವ ಕೆಲಸ, ನೋವು ಮಿದುಳಿಗೆ ಮುಟ್ಟುತ್ತಿಲ್ಲ ಎಂದು ಅವರು ಬಿಡಿಸಿ ಹೇಳಿದರು. ನೋವಿನ ಅರಿವು ಇರುವಾಗಲೇ ಆಪರೇಷನ್ ಆದರೆ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ, ಅರಿವು ಹೋದ ಮೇಲೆ ಹೆಚ್ಚೂಕಡಿಮೆ ಅರ್ಧದಷ್ಟು. ಎಂಆರ್‌ಐ ಆಯಿತು, ಆಪರೇಷನ್ನೂ ಆಯಿತು. ಗುಂಡ ನಡೆಯಲಿಲ್ಲ. ಈಗ ಎರಡು ಗಾಲಿಯ ಬಂಡಿ ಕಟ್ಟಿಕೊಂಡು ಓಡಾಡುತ್ತಾನೆ. ದಿನಕ್ಕೆ ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ಮಾಡಿಸುತ್ತೇವೆ.

"ಮಂದಿಗೇ ಸ್ಕ್ಯಾನಿಂಗ್ ಸಿಗವಲ್ದು, ನಾಯಿಗಿ ಯಾಕ್ರಿ?" ಎಂದು ಓಣಿಯ ಹಿರಿಯರೊಬ್ಬರು ಕೇಳಿದರು. ಆ ಮಂದಿಯ ಸಾಲನ್ನು ನಾನು ದಿನಾ ನೋಡುತ್ತೇನೆ. ಆ ಮಂಗಳವಾರ ರಾತ್ರಿ, ನಮ್ಮ ಆಸ್ಪತ್ರೆಯ ಯಂತ್ರದಲ್ಲೇ ಯಾರಿಗೂ ಹೇಳದೆ ಗುಂಡನನ್ನು ಮಲಗಿಸಿಬಿಡಲೇ ಎಂಬ ಯೋಚನೆ ಬಂದದ್ದು ನಿಜ. ಮಾಡಲಿಲ್ಲ. ಅದು ರೋಗಿಗಳ ಯಂತ್ರ. ಅಲ್ಲದೆ ನಾಯಿಗೆ ಅಲುಗಾಡಬೇಡ ಎಂದು ಹೇಳಲು ಬರುವುದಿಲ್ಲ, ಮಂಪರು ಕೊಡಬೇಕು, ಉಸಿರಾಟದ ಮೇಲೆ ಕಣ್ಣಿಡುವ ಪಶುವೈದ್ಯರು ಪಕ್ಕದಲ್ಲೇ ಇರಬೇಕು. ನಾನು ಕೇಳುತ್ತಿರುವುದು ಮನುಷ್ಯರ ಪಾಲಿನದಲ್ಲ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳವರಿಗೆ ವಾರದ ಏಳೂ ದಿನ, ರಾತ್ರಿಯೂ ಸೇರಿ, ಪ್ರಾಣಿಗಳ ಸಿಟಿ ಸ್ಕ್ಯಾನ್ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸಿಗಬೇಕು. ದರವನ್ನು ಗೋಡೆಯ ಮೇಲೆ ಬರೆದಿರಬೇಕು. ಎಂಆರ್‌ಐ ಆಮೇಲೆ ಬಂದರೂ ಆದೀತು. ಅದಕ್ಕೆ ಬಲವಾದ ಅಯಸ್ಕಾಂತ, ಬೇರೆಯದೇ ಕಟ್ಟಿದ ಕೋಣೆ ಬೇಕು, ನಾಯಿಯನ್ನು ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಅರಿವಳಿಕೆಯಲ್ಲಿ ಇಡಬೇಕು. ಸಿಟಿಯಲ್ಲಿ ಚಿತ್ರ ತೆಗೆಯುವ ಕೆಲಸ ಕೆಲವೇ ನಿಮಿಷದ್ದು. ಗುಂಡನಂಥ ಗಿಡ್ಡ ಕಾಲಿನ ತಳಿಗಳಲ್ಲಿ ಡಿಸ್ಕಿಗೆ ಸುಣ್ಣದ ಅಂಶ ಕೂಡಿಕೊಂಡಿರುವುದರಿಂದ, ಒಡೆದು ಹೊರಬಂದದ್ದು ಅದರಲ್ಲೇ ಎಷ್ಟೋ ಸಲ ಬೆಳ್ಳಗೆ ಕಾಣುತ್ತದೆ. ಮೂಗಿನೊಳಗಿನ ಗಡ್ಡೆ, ಎಕ್ಸ್‌ರೇಗೆ ಸಿಗದಷ್ಟು ಸಣ್ಣದಾಗಿ ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್, ಗಾಡಿ ಬಡಿದು ಚೂರಾದ ಸೊಂಟದ ಎಲುಬು, ಇವಕ್ಕೂ ಸಿಟಿಯೇ ಬೇಕು. ಕುರಿ ಕಾಯುವವರ ನಾಯಿಗೂ ಪೊಲೀಸರ ನಾಯಿಗೂ ಅದೇ ಯಂತ್ರ. ಇದು ಹೊಸ ಯಂತ್ರವೇನಲ್ಲ, ಮನುಷ್ಯರಿಗೆ ಸಿಟಿ ಸ್ಕ್ಯಾನ್ ಬಂದದ್ದು 1971ರಲ್ಲಿ. 1962 ಎಂಬ ಸಹಾಯವಾಣಿ ನಂಬರಿಗೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ವಾಹನ ಹಳ್ಳಿಗೇ ಬರುವ ವ್ಯವಸ್ಥೆ ಮಾಡಿದ ಸರ್ಕಾರಕ್ಕೆ ಇದು ಆಗದ ಕೆಲಸವಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಮನಸ್ಸು ಮಾಡಲಿ.

ಊರಿನ ಪಶುವೈದ್ಯರಲ್ಲಿ ಒಂದು ವಿನಂತಿ. ಹಿಂಗಾಲು ಎಳೆಯುವ ನಾಯಿ ಬಂದರೆ ಮೊದಲ ದಿನವೇ ಬೆರಳು ಅದುಮಿ ನೋಡಿ, ಮುಂದೆ ಕಳಿಸಬೇಕೆಂದರೆ ಅವತ್ತೇ ಹೇಳಿಬಿಡಿ.

ಗುಂಡನ ಎಂಆರ್‌ಐ ಸಿ.ಡಿ. ಮತ್ತು ಆ ಎಕ್ಸ್‌ರೇ ಫಿಲ್ಮ್ ನನ್ನ ಹತ್ತಿರ ಇವೆ. ಬೀದರಿನ ವಿದ್ಯಾರ್ಥಿಗಳಿಗೆ ಕಲಿಯಲು ಬೇಕಿದ್ದರೆ ತಂದು ಕೊಡುತ್ತೇನೆ. ಯಂತ್ರ ಬಂದ ದಿನ, ಅದನ್ನು ನಡೆಸುವ ಹುಡುಗರಿಗೆ ಕೆಲಸ ಹೇಳಿಕೊಡಲು ನನ್ನ ವಾರದ ರಜೆಯಲ್ಲಿ ಬರಲೂ ಸಿದ್ಧನಿದ್ದೇನೆ.

ಇಂತಿ,
ಎಕ್ಸ್‌ರೇ ತಂತ್ರಜ್ಞ, ಬ್ರಹ್ಮಪುರ, ಕಲಬುರಗಿ