ಪೆನ್ನು ಕಡೆಯಲು ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕಾಲೇಜಿನ ವರ್ಕ್‌ಶಾಪಿನಲ್ಲಿ ಮರವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ಇದೆ, ಬಳಸಲು ಸರ್ ಒಪ್ಪಿದ್ದಾರೆ, ಸ್ಲಿಮ್‌ಲೈನ್ ಅನ್ನೋ ತೆಳು ಪೆನ್ನಿನ ಬಿಡಿಭಾಗಗಳ ಕಿಟ್ ಕೂಡ ತರಿಸಿದ್ದೇನೆ ಅಂತ ಬರೆದಿದ್ದೀಯ. ಓದಿ ಬಹಳ ಖುಷಿಯಾಯ್ತು. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಪತ್ರ. ಕೆಲಸಕ್ಕೆ ನಿಂತಾಗ ಪಕ್ಕದಲ್ಲಿ ಇಟ್ಟುಕೋ.

ಕಿಟ್ ಬಿಚ್ಚಿದರೆ ಪೂರ್ತಿ ಪೆನ್ನೇ ಅದರಲ್ಲಿದೆ ಅನ್ನಿಸುತ್ತದೆ. ಎರಡು ಹಿತ್ತಾಳೆ ಕೊಳವೆ, ಮೂತಿ, ತಿರುಗಿಸುವ ಮೆಕ್ಯಾನಿಸಂ, ನಡುವಿನ ಪಟ್ಟಿ, ಕ್ಲಿಪ್, ಮೇಲಿನ ಟೋಪಿ, ರೀಫಿಲ್. ಇವೆಲ್ಲ ಕಾರ್ಖಾನೆಯವು, ಪ್ರತಿ ಕಿಟ್‌ನಲ್ಲೂ ಒಂದೇ ತರ. ನಿನ್ನದು ಅಂತ ಇರುವುದು ಮರ, ಮತ್ತು ಆ ಮರ ಲೋಹವನ್ನು ಮುಟ್ಟುವ ನಾಲ್ಕು ಅಂಚು. ಮೂತಿಯಿಂದ ಕ್ಲಿಪ್‌ವರೆಗೆ ಹೆಬ್ಬೆರಳು ಎಳೆದರೆ ಆ ನಾಲ್ಕು ಕಡೆ ಎಲ್ಲೂ ತಡೆಯಬಾರದು. ಯಾರ ಪೆನ್ನು ಕೈಗೆ ಬಂದರೂ ನಾನು ಮೊದಲು ನೋಡುವುದು ಇದನ್ನೇ. ಮುಂದೆ ಬರೆಯುವುದೆಲ್ಲ ಆ ನಾಲ್ಕು ಅಂಚಿಗಾಗಿ.

ಮೊದಲು ಮರದ ಮಾತು. ಬೀಟೆ ಬೇಕು ಅಂದಿದ್ದೀಯ. ಬೇಡ. ಚೆಂದದ ಮರ, ನಿಜ. ಆದರೆ ಅದರ ಧೂಳು ಹಲವರಿಗೆ ಅಲರ್ಜಿ ತರುತ್ತದೆ. 2017ರಿಂದ ಆ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಕೂಡ ಇದೆ. ಅಷ್ಟಕ್ಕೂ ನಮ್ಮ ಸೀಮೆಯಲ್ಲಿ ಮರಕ್ಕೇನು ಬರ? ಪೆನ್ನಿಗೆ ಬೇಕಾಗುವುದು ಎರಡು ಸೆಂಟಿಮೀಟರ್ ಚೌಕದ, ಹದಿಮೂರು ಸೆಂಟಿಮೀಟರ್ ಉದ್ದದ ತುಂಡು ಅಷ್ಟೇ. ನವಲಗುಂದ, ಗದಗ ಕಡೆಯ ಎರೆ ಹೊಲಗಳಿಗೆ ಚಕ್ಕಡಿ, ಕುಂಟೆ ಅಂತ ಜಾಲಿ ಮರ ಬಳಸುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಗಳ ಹಿತ್ತಲಲ್ಲಿ ಅವು ಸುಮ್ನೆ ಬಿದ್ದಿವೆ. ಮುರಿದ ಗಾಲಿಯ ಒಂದು ಅರ ಸಿಕ್ಕರೂ ಎರಡು ಮೂರು ಪೆನ್ನಿಗೆ ಸಾಕು. ವರ್ಷಗಟ್ಟಲೆ ಬಿಸಿಲುಂಡು ಒಣಗಿದ ಮರ ಅದು, ಗಟ್ಟಿ, ಕೆಂಪು ಕಂದು ಬಣ್ಣ. ಹುಣಸೆಯೂ ನನಗೆ ಇಷ್ಟ. ಹೊರಮರ ತಿಳಿ ಹಳದಿ, ಒಳಗಿನ ಕೆಚ್ಚು ಕಪ್ಪು ನೇರಳೆ. ಎರಡೂ ಬರುವ ಹಾಗೆ ಕೊಯ್ದರೆ ಆ ಪೆನ್ನಿನ ಜೋಡಿ ಇನ್ನೊಂದು ಇರುವುದಿಲ್ಲ. ಹಳೇ ಮರವಾದರೆ ಮೊಳೆ ಇದೆಯೋ ಅಂತ ಆಯಸ್ಕಾಂತ ಹಿಡಿದು ನೋಡು.

ಹಸಿ ಮರವನ್ನು ಮಾತ್ರ ಮುಟ್ಟಬೇಡ. ನಮ್ಮ ಧಾರವಾಡದ ಮಳೆ ನಿನಗೆ ಗೊತ್ತು, ಜೂನ್‌ನಿಂದ ಬಟ್ಟೆಯೇ ಒಣಗುವುದಿಲ್ಲ. ಆ ತೇವದಲ್ಲಿ ಕಡೆದ ಮರ ಬೇಸಿಗೆಗೆ ಕುಗ್ಗುತ್ತದೆ. ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ. ಆಗ ಮರ ಉದ್ದಕ್ಕೆ ಸೀಳುತ್ತದೆ. ತುಂಡುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ಆಗಾಗ ತೂಗಿ, ತೂಕವನ್ನು ಮರದ ಮೇಲೇ ಬರೆ. ಇಳಿಯುವುದು ನಿಂತ ಮೇಲೆ ಕೈ ಹಾಕು.

ತುಂಡನ್ನು ಎರಡಾಗಿ ಕೊಯ್ಯುವ ಮೊದಲು ಅದರ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆ. ಕೊನೆಗೆ ಎರಡೂ ಭಾಗ ಜೋಡಿಸುವಾಗ ಮರದ ಎಳೆಗಳ ಸಾಲು ಸೇರುವುದು ಆ ಗೆರೆಯಿಂದ. ಪ್ರತಿ ತುಂಡು ಕೊಳವೆಗಿಂತ ಎರಡು ಮೂರು ಮಿಲಿಮೀಟರ್ ಉದ್ದ ಇರಲಿ. ಕೊಳವೆ ಕೂರುವ ತೂತಿಗೆ 7 ಮಿಲಿಮೀಟರ್ ಡ್ರಿಲ್ ಬಿಟ್. ಸ್ವಲ್ಪ ಇಳಿಸು, ಎತ್ತು, ಪುಡಿ ಕೊಡವು, ಮತ್ತೆ ಇಳಿಸು. ಪುಡಿ ಒಳಗೇ ಸಿಕ್ಕಿಕೊಂಡರೆ ಬಿಟ್ ಕಾದು ಮರ ಒಳಗಿಂದಲೇ ಬಿರಿಯುತ್ತದೆ.

ಕೊಳವೆಯ ಹೊರಮೈಯನ್ನು ಸ್ಯಾಂಡ್ ಪೇಪರಿನಿಂದ ಒರಟು ಮಾಡು. ತುದಿಯನ್ನು ಆಲೂಗಡ್ಡೆ ಹೋಳಿಗೆ ಚುಚ್ಚಿದರೆ ಬಾಯಿ ಮುಚ್ಚಿಕೊಂಡು ಅಂಟು ಒಳಗೆ ಹೋಗುವುದಿಲ್ಲ. ಸೂಪರ್ ಗ್ಲೂ ಅರ್ಧ ದಾರಿಯಲ್ಲೇ ಹಿಡಿದುಬಿಡಬಹುದು, ಹಾಗಾಗಿ ನಾನು ಎಪಾಕ್ಸಿ ಹಾಕುತ್ತೇನೆ. ತಿರುಗಿಸುತ್ತಾ ತಳ್ಳು, ರಾತ್ರಿಯಿಡೀ ಬಿಡು.

ಈಗ ಬರುವುದನ್ನು ನಿಧಾನವಾಗಿ ಓದು. ಅಂಟು ಒಣಗಿದ ಮೇಲೆ ಮರದ ತುದಿಗಳನ್ನು ಕೊಳವೆಗೆ ಸರಿಯಾಗಿ ಲಂಬವಾಗಿ ಹೆರೆಯಬೇಕು. ಅದಕ್ಕೆ ಬ್ಯಾರೆಲ್ ಟ್ರಿಮ್ಮರ್ ಅಂತ ಸಿಗುತ್ತದೆ. ಅದರ ದಂಡ ಕೊಳವೆಯೊಳಗೆ ಇಳಿಯುತ್ತದೆ, ಹಲ್ಲುಗಳು ಮರವನ್ನು ತೆಗೆಯುತ್ತವೆ. ಹಿತ್ತಾಳೆಯ ಉಂಗುರ ಸುತ್ತಲೂ ಒಂದೇ ಸಮ ಹೊಳೆಯಿತೋ, ಅಲ್ಲಿಗೆ ನಿಲ್ಲಿಸು. ಒಂದು ಬದಿ ಹೊಳೆದು ಇನ್ನೊಂದು ಬದಿ ಮರವೇ ಕಂಡರೆ ಇನ್ನೂ ಆಗಿಲ್ಲ. ಹಿತ್ತಾಳೆಯನ್ನೇ ಹೆರೆಯುತ್ತಾ ಹೋದರೆ ಪೆನ್ನು ಗಿಡ್ಡವಾಗಿ ರೀಫಿಲ್ ಜಾಸ್ತಿ ಹೊರಗೆ ಬರುತ್ತದೆ. ತುದಿ ಕೂದಲೆಳೆ ಓರೆಯಾದರೂ ಪಟ್ಟಿಯ ಹತ್ತಿರ ಸಂದಿ ಬೀಳುತ್ತದೆ. ಆ ಸಂದಿಯನ್ನು ಯಾವ ಪಾಲಿಶ್ ಕೂಡ ಮುಚ್ಚುವುದಿಲ್ಲ. ಇಡೀ ಕೆಲಸದಲ್ಲಿ ಕಡೆಯುವುದಕ್ಕಿಂತ ಇದೇ ದೊಡ್ಡದು ಅಂತ ನಾನು ನಂಬಿದ್ದೇನೆ.

ಲೇತ್ ಮುಂದೆ ನಿಲ್ಲುವಾಗ ದುಪಟ್ಟಾ ತೆಗೆದಿಡು, ಜಡೆ ಮೇಲೆ ಕಟ್ಟು, ತೋಳು ಮಡಚು. ಬಳೆ, ಕೈಗವಸು ಎರಡೂ ಬೇಡ. ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್. ಇದರಲ್ಲಿ ಒಂದೂ ತಪ್ಪಬಾರದು.

ತುಂಡುಗಳನ್ನು ಬುಶಿಂಗ್ (ಕಿಟ್‌ನ ಲೋಹದ ಭಾಗಗಳಷ್ಟೇ ದಪ್ಪದ ಅಳತೆ ಉಂಗುರ) ಜೊತೆ ಮ್ಯಾಂಡ್ರಿಲ್ ಅನ್ನೋ ಲೇತ್‌ನ ದಂಡಕ್ಕೆ ಏರಿಸಿದ ಮೇಲೆ ನಟ್ಟನ್ನು ಬೆರಳಿನಿಂದಷ್ಟೇ ಬಿಗಿ ಮಾಡು. ಆ ದಂಡದ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಕೂಡ ಹಗುರವಾಗಿ ತಾಗಲಿ. ಬಿಗಿ ಹೆಚ್ಚಾದರೆ ತೆಳ್ಳನೆ ಮ್ಯಾಂಡ್ರಿಲ್ ಬಾಗುತ್ತದೆ, ಮರ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುತ್ತದೆ. ಆಮೇಲೆ ಹೆಬ್ಬೆರಳು ಖಂಡಿತ ತಡೆಯುತ್ತದೆ. ಉಳಿ ಹರಿತ ಇರಲಿ. ಹಿಂಬದಿಯ ಓರೆ ಮೊದಲು ಮರಕ್ಕೆ ತಾಗಲಿ, ಆಮೇಲೆ ಅಲಗು.

ಆಕಾರದ ಬಗ್ಗೆ ನೀನು ಕೇಳಿದ್ದೆ. ಲಕ್ಕುಂಡಿಯ ಗುಡಿಗಳ ಕಂಬಗಳನ್ನು ನೀನು ನೋಡಿದ್ದೀಯ. ಚಾಲುಕ್ಯರ ಕಾಲದವರು ಬಳಪದ ಕಲ್ಲನ್ನು ತಿರುಗಿಸಿ ಕಡೆದದ್ದು ಅವು. ಅಗಲವಾದ ನುಣುಪು ಬಾಗು, ನಡುವೆ ಚೂಪಾದ ಬಳೆ, ಮತ್ತೆ ಬಾಗು. ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ. ಆದರೆ ಆ ಬಳೆಗಳನ್ನು ಸ್ಲಿಮ್‌ಲೈನ್ ಮೇಲೆ ತರಬೇಡ. ಮೂತಿಯ ಹತ್ತಿರ ಹಿತ್ತಾಳೆಯ ಮೇಲೆ ಉಳಿಯುವ ಮರ ಒಂದು ಮಿಲಿಮೀಟರ್ ಕೂಡ ಇಲ್ಲ. ಅಲ್ಲಿ ಗೀರಿದರೆ ಕೊಳವೆಯೇ ಕಾಣುತ್ತದೆ. ಕಂಬದಿಂದ ಬಾಗನ್ನು ಮಾತ್ರ ಕಲಿ. ನಡುವೆ ತುಸು ಉಬ್ಬು, ತುದಿಗೆ ಬರುತ್ತಾ ಇಳಿಜಾರು, ಎಲ್ಲಿ ಶುರುವಾಯ್ತು ಅಂತ ಗೊತ್ತಾಗಬಾರದು.

ಬುಶಿಂಗ್‌ಗಿಂತ ಕೂದಲೆಳೆ ದಪ್ಪ ಇರುವಾಗಲೇ ಉಳಿ ಇಟ್ಟುಬಿಡು. ಉಳಿದದ್ದು ಸ್ಯಾಂಡ್ ಪೇಪರಿನ ಪಾಲು. 150ರಿಂದ ಶುರು ಮಾಡಿ 240, 320, 400, 600. ಪ್ರತಿ ನಂಬರ್ ಮುಗಿದಾಗ ಲೇತ್ ನಿಲ್ಲಿಸಿ ಎಳೆಯ ಉದ್ದಕ್ಕೂ ಒಮ್ಮೆ ಕೈಯಿಂದ ಉಜ್ಜು, ಸುತ್ತು ಗೀರುಗಳು ಹೋಗುತ್ತವೆ.

ಮೆರುಗಿಗೆ ಸೂಪರ್ ಗ್ಲೂ ಹಚ್ಚುವವರು ಬಹಳ. ಗಾಜಿನ ಹಾಗೆ ಹೊಳೆಯುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ಮರ ಮುಟ್ಟಿದ ಹಾಗೆ ಅನ್ನಿಸುವುದಿಲ್ಲ. ಹಚ್ಚುವುದೇ ಆದರೆ ಹತ್ತಿ ಬಟ್ಟೆ ಬಳಸಬೇಡ. ಆ ಗ್ಲೂ ಹತ್ತಿಯ ಜೊತೆ ಸೇರಿ ಕೈ ಸುಡುವಷ್ಟು ಕಾಯುತ್ತದೆ, ಹೊಗೆ ಕಣ್ಣಿಗೆ ಉರಿ. ನನ್ನ ಆಯ್ಕೆ ಅರಗಿನಿಂದ ಬರುವ ಶೆಲ್ಯಾಕ್. ನಮ್ಮ ಕಲಘಟಗಿ ತೊಟ್ಟಿಲಿನ ಬಣ್ಣಕ್ಕೆ ಆ ಮೆರುಗು ಕೊಡುವುದೂ ಅರಗೇ ಅಲ್ವಾ. ಟಿಶ್ಯೂ ಕಾಗದದಲ್ಲಿ ಕೆಲವು ಹನಿ ತೆಗೆದುಕೊಂಡು ತಿರುಗುವ ಮರಕ್ಕೆ ಒತ್ತು, ಬಿಸಿಗೆ ಹರಡಿ ಹಿಡಿಯುತ್ತದೆ. ಬೆವರಿಗೆ ಕ್ರಮೇಣ ಸವೆಯುತ್ತದೆ, ಸ್ಯಾನಿಟೈಸರ್ ತಾಗಿದರೆ ಕರಗುತ್ತದೆ. ಆದರೆ ಹಳೆಯದನ್ನು ಕೆರೆಯದೇ ಮೇಲೊಂದು ಪದರ ಕೊಡಬಹುದು.

ಜೋಡಿಸುವಾಗ ವೈಸ್‌ನ ದವಡೆಗೂ ಪೆನ್ನಿಗೂ ನಡುವೆ ಬೇರೆ ಮರದ ಚೂರುಗಳನ್ನು ಇಟ್ಟು ಮೆಲ್ಲಗೆ ಒತ್ತು. ಮೊದಲು ಮೂತಿ, ಆಮೇಲೆ ಅದೇ ಭಾಗದ ಇನ್ನೊಂದು ತುದಿಗೆ ಮೆಕ್ಯಾನಿಸಂ. ಮೆಕ್ಯಾನಿಸಂ ಮೇಲಿನ ಗುರುತಿನ ಗೆರೆಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ ರೀಫಿಲ್ ಹಾಕಿ ನೋಡು. ಇನ್ನಷ್ಟು ಒತ್ತಬಹುದು, ಹಿಂದಕ್ಕೆ ಎಳೆಯುವುದು ಬಹಳ ಕಷ್ಟ.

ನನ್ನ ಹತ್ತಿರ ಒಣಗಿದ ಜಾಲಿ, ಹುಣಸೆ ಎರಡೂ ಇವೆ. ಯಾವುದು ಬೇಕು ತಿಳಿಸು, ಶನಿವಾರ ಹುಬ್ಬಳ್ಳಿಗೆ ಹೋದಾಗ ಕೊರಿಯರ್ ಮಾಡುತ್ತೇನೆ. ನಿಮ್ಮ ಲೇತ್‌ನ ಮೋರ್ಸ್ ಟೇಪರ್, ಅಂದರೆ ಮ್ಯಾಂಡ್ರಿಲ್ ಕೂರುವ ಓರೆ ತೂತು, ಒಂದನೇ ನಂಬರೋ ಎರಡನೆಯದೋ ಕೇಳಿ ಬರೆ. ಎರಡನೆಯದಾದರೆ ನನ್ನ ಮ್ಯಾಂಡ್ರಿಲ್ ಮತ್ತು ಬುಶಿಂಗ್ ಕೂಡ ಅದೇ ಪಾರ್ಸೆಲ್‌ನಲ್ಲಿ ಹಾಕುತ್ತೇನೆ, ಹೊಸದು ಕೊಳ್ಳಬೇಡ.

ನಿನ್ನ ಅವ್ವ