ಎಸ್‌ಟಿಡಿ ಗೂಡಿನಲ್ಲಿ ಕೂತು ಸಂದರ್ಶನ

ಮಾನ್ಯ ಸಂಪಾದಕರೇ,

ಆನ್‌ಲೈನ್ ಸಂದರ್ಶನಕ್ಕೆ ಮಕ್ಕಳು ಹೇಗೆ ತಯಾರಾಗಬೇಕು ಅಂತ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ನಗುಮುಖ ಇರಲಿ, ಬೆನ್ನು ನೆಟ್ಟಗಿರಲಿ, ಧೈರ್ಯ ಇರಲಿ. ಎಲ್ಲ ಸರಿ. ಆದರೆ ಬರೆದವರ ಮನೆಯಲ್ಲಿ ಜುಲೈ ತಿಂಗಳಲ್ಲಿ ಕರೆಂಟ್ ಹೋಗುವುದಿಲ್ಲ ಅಂತ ಕಾಣುತ್ತದೆ.

ನಾನು ಶಿರಸಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವ. ಮೊದಲು ಇದು ಎಸ್‌ಟಿಡಿ ಬೂತ್, ದುಡ್ಡು ಕೊಟ್ಟು ದೂರದ ಊರಿಗೆ ಫೋನ್ ಮಾಡುವ ಜಾಗ. ರಾತ್ರಿ ದರ ಇಳಿಯುವುದನ್ನೇ ಕಾದು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊಬೈಲ್ ಬಂದ ಮೇಲೆ ಬೂತ್ ಹೋಯಿತು, ಗಾಜಿನ ಗೂಡು ಮಾತ್ರ ಉಳಿಯಿತು. ಅದರಲ್ಲಿ ಹಾಳೆಯ ಬಂಡಲ್ ತುಂಬಿಟ್ಟಿದ್ದೆ. 2020ರಲ್ಲಿ ನಮ್ಮ ಕಡೆಯ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದು ನಿಮಗೂ ಗೊತ್ತು. ಲಾಕ್‌ಡೌನ್ ಸಡಿಲವಾದ ಮೇಲೆ ಪರಿಚಯದ ಹುಡುಗನೊಬ್ಬ ಬಂದು, "ಅಣ್ಣಾ, ಒಂದು ತಾಸು ಆ ಗೂಡಲ್ಲಿ ಕೂರ್ಲಾ? ಇಂಟರ್‌ವ್ಯೂ ಇದೆ" ಅಂದ. ಬಂಡಲ್ ಹೊರಗೆ ಹಾಕಿದೆ. ಈಗ ಸಿದ್ದಾಪುರ, ಯಲ್ಲಾಪುರ ಕಡೆಯಿಂದಲೂ ಮಕ್ಕಳು ಬಸ್ ಹಿಡಿದು ಬರುತ್ತಾರೆ.

ಸಂದರ್ಶನ ನಡೆಯುವಾಗ ಸದ್ದಾಗುತ್ತದೆ ಅಂತ ಮಷಿನ್ ನಿಲ್ಲಿಸುತ್ತೇನೆ. ಸುಮ್ನೆ ಕೂತವನು ಕಿವಿ ಮುಚ್ಚಿಕೊಳ್ಳಲು ಆಗುತ್ತದೆಯೇ? ಒಳಗಿನ ಮಾತು ಅರ್ಧ ನನ್ನ ಕಿವಿಗೂ ಬೀಳುತ್ತದೆ. ಆ ಅರ್ಧದಲ್ಲಿ ತಿಳಿದದ್ದು ಇದು.

ಮಕ್ಕಳಿಗೆ ಇರುವ ಹೆದರಿಕೆಯೆಲ್ಲ ಇಂಗ್ಲಿಷಿನದು. ಕೆಲಸ ಕೆಡುವುದು ಬೇರೆ ಕಡೆ. ಮಧ್ಯೆ ಧ್ವನಿ ಕಡಿದು ಪ್ರಶ್ನೆ ಅರ್ಧ ಮಾತ್ರ ಕೇಳಿಸುತ್ತದೆ. ಇನ್ನೊಮ್ಮೆ ಕೇಳಲು ಸಂಕೋಚ. ಅಂದಾಜಿನ ಮೇಲೆ ಏನೋ ಹೇಳುತ್ತಾರೆ. ಅತ್ತ ಕೂತವರಿಗೆ ಧ್ವನಿ ಕಡಿದದ್ದು ಗೊತ್ತೇ ಆಗುವುದಿಲ್ಲ, ಹುಡುಗನಿಗೆ ವಿಷಯ ಬರುವುದಿಲ್ಲ ಅಂದುಕೊಳ್ಳುತ್ತಾರೆ. "ಸರ್, ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳಿ" ಅಂದವರಿಗೆ ಯಾರೂ ಬೈದದ್ದನ್ನು ನಾನು ಈವರೆಗೆ ಕೇಳಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬಳು ಕೂತಿದ್ದಳು. ನಮ್ಮದು ತಗಡಿನ ಮಾಡು. ಮಳೆ ಧೋ ಅಂತ ಸುರಿಯಿತು. ನನಗೇ ಗಾಬರಿ. ಅವಳು ಇಯರ್‌ಫೋನಿನ ಮೈಕನ್ನು ಬಾಯಿ ಹತ್ತಿರ ಹಿಡಿದು, "ಸರ್, ಇದು ಶಿರಸಿ ಮಳೆ. ನನ್ನ ಮಾತು ಕೇಳದಿದ್ದರೆ ಚಾಟಿನಲ್ಲಿ ಟೈಪ್ ಮಾಡಲೇ?" ಅಂದಳು. ಅತ್ತ ಇದ್ದವರು ನಕ್ಕರು. ಅವರು ಒಮ್ಮೆ ಯಾಣಕ್ಕೆ ಬಂದಿದ್ದರಂತೆ. ಮುಂದಿನ ಐದು ನಿಮಿಷ ಯಾಣದ ಮಾತೇ. ಮಳೆಯೂ ಇಳಿಯಿತು.

ಇನ್ನೊಬ್ಬ ಗಾಜಿಗೆ ಚೀಟಿ ಅಂಟಿಸಿಕೊಂಡಿದ್ದ. ಚೆನ್ನಾಗಿ ಓದುವ ಹುಡುಗ, ಅವನಿಗೆ ಚೀಟಿ ಬೇಕೇ ಇರಲಿಲ್ಲ. ಓದುವಾಗ ಕಣ್ಣು ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರುತ್ತದಲ್ಲ, ಕ್ಯಾಮೆರಾದಲ್ಲಿ ಅದು ಎದ್ದು ಕಾಣುತ್ತದೆ. ಮೂರನೇ ಪ್ರಶ್ನೆಗೆ ಅವರು, "ಕಣ್ಣು ಮುಚ್ಚಿಕೊಂಡು ಉತ್ತರ ಹೇಳಿ" ಅಂದರು. ಪಾಪ, ಬರುತ್ತಿದ್ದದ್ದೂ ಮರೆತುಹೋಯಿತು. ಹೊರಗೆ ಬಂದವನು ಮೊದಲು ನೀರು ಕೇಳಿದ. ಈಗ ಕೆಲವರು ಎರಡನೇ ಫೋನ್ ತರುತ್ತಾರೆ, ಎಐ ಉತ್ತರ ಬರೆದುಕೊಡುತ್ತದೆ ಅಂತ. ಅದನ್ನು ನಾನು ಕೌಂಟರಿನಲ್ಲೇ ಇಸಿದುಕೊಳ್ಳುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ, ಬರಲಿ.

"ನಿಮ್ಮ ಬಗ್ಗೆ ಹೇಳಿ" ಅನ್ನುವ ಪ್ರಶ್ನೆಗೂ ಬಾಯಿಪಾಠ. ನಾನು ಕಷ್ಟಪಟ್ಟು ದುಡಿಯುವವ, ಎಲ್ಲರೊಂದಿಗೆ ಹೊಂದಿಕೊಳ್ಳುವವ. ಹತ್ತು ಜನರ ಬಾಯಲ್ಲೂ ಅದೇ. ಬಿಕಾಂ ಮುಗಿಸಿದ ಹುಡುಗಿಯೊಬ್ಬಳು ಮಾತ್ರ ತನ್ನ ಮನೆಯ ಅಡಿಕೆ ಲೆಕ್ಕ ತೆಗೆದಳು. ಚಾಲಿ ಅಡಿಕೆ ಎಷ್ಟು, ರಾಶಿ ಅಡಿಕೆ ಎಷ್ಟು, ಸುಲಿಯಲು ಬಂದವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಎಷ್ಟು, ಎಲ್ಲವನ್ನೂ ಎಕ್ಸೆಲ್‌ನಲ್ಲಿ ತಾನೇ ಬರೆದಿಡುತ್ತೇನೆ ಅಂದಳು. ಇಂಗ್ಲಿಷ್ ತಡವರಿಸುತ್ತಿತ್ತು. ಆದರೂ ಪ್ರಶ್ನೆ ಮೇಲೆ ಪ್ರಶ್ನೆ ಬಂತು. ಕೂಲಿ ಮುಂಗಡ ತೆಗೆದುಕೊಂಡವರ ಲೆಕ್ಕ ಹೇಗೆ ಇಡುತ್ತೀರಿ ಅಂತಲೂ ಕೇಳಿದರು. ಅಷ್ಟು ಹೊತ್ತಿಗೆ ಅವಳು ಹೆದರಿಕೆ ಮರೆತಿದ್ದಳು.

ಉಳಿದದ್ದು ಸಣ್ಣಪುಟ್ಟದ್ದು. ಫೋನನ್ನು ಮೇಜಿನ ಮೇಲೆ ಒರಗಿಸಿದರೆ ಕಾಣುವುದು ಮೂಗಿನ ಹೊಳ್ಳೆ ಮತ್ತು ಮಾಡಿನ ಪಕಾಸಿ. ಕಣ್ಣಿನ ಎತ್ತರಕ್ಕೆ ಡಬ್ಬಿ ಇಟ್ಟು ಏರಿಸಿ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪು. ನಾನು ಎಲ್‌ಇಡಿ ಬಲ್ಬಿನ ಮುಂದೆ ಎ4 ಹಾಳೆ ಇಳಿಬಿಟ್ಟಿದ್ದೇನೆ, ಅಷ್ಟು ಸಾಕು. ನೆಟ್ ತೀರಾ ಸಣ್ಣಗಾದರೆ ಕೇಳಿಕೊಂಡು ವಿಡಿಯೊ ನಿಲ್ಲಿಸಿ, ಬರೀ ಮಾತಿಗೆ ಸ್ವಲ್ಪ ನೆಟ್ ಸಾಕಾಗುತ್ತದೆ. ಸಂದರ್ಶನದ ಹೊತ್ತು ನೆಂಟರಿಗೆ ಹೇಳಬೇಡಿ. ಒಬ್ಬನಿಗೆ ಒಳ್ಳೆಯದಾಗಲಿ ಅನ್ನಲು ಸೋದರತ್ತೆ ನಡುವೆಯೇ ಫೋನ್ ಮಾಡಿದರು. ವೈಫೈ ಇದ್ದರೆ ಏರ್‌ಪ್ಲೇನ್ ಮೋಡ್ ಒತ್ತಿ ವೈಫೈ ಮಾತ್ರ ಇಟ್ಟುಕೊಂಡರಾಯಿತು. ಅಪ್ಪನ ಫೋನ್ ತಂದವರು ಹೆಸರು ಬದಲಾಯಿಸಿಕೊಳ್ಳಿ. ಒಬ್ಬನ ಮುಖದ ಕೆಳಗೆ ಅಪ್ಪನ ಶಾಮಿಯಾನ ಅಂಗಡಿಯ ಹೆಸರು ಬರುತ್ತಿತ್ತು.

ನಾನು ಈ ಪತ್ರ ಬರೆದದ್ದು ಬುದ್ಧಿ ಹೇಳುವುದಕ್ಕಲ್ಲ. ಒಂದು ಗಾಜಿನ ಗೂಡಿಗಾಗಿ ಮಕ್ಕಳು ಮಳೆಯಲ್ಲಿ ಎರಡು ಬಸ್ ಬದಲಿಸಿ ಬರಬೇಕೇ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಹಲವು ಕಡೆ ಕಂಪ್ಯೂಟರ್ ಬಂದಿದೆ. ಆದರೆ ಗ್ರಂಥಾಲಯದಲ್ಲಿ ಜೋರಾಗಿ ಮಾತಾಡುವಂತಿಲ್ಲ, ಅಲ್ವಾ? ಅಲ್ಲೇ ಒಂದು ಮೂಲೆಗೆ ಬಾಗಿಲು ಹಾಕಿ, ಒಂದು ಕುರ್ಚಿ ಇಟ್ಟು, ರೂಟರಿಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್ ಜೋಡಿಸಿದರೆ ಸಾಕು. ಪಂಚಾಯಿತಿಯವರು ಮುಂದಿನ ಸಭೆಯಲ್ಲಿ ಇದನ್ನು ಎತ್ತಲಿ. ಬಾಗಿಲು ಮಾಡಿಸುವವರಿಗೆ ನನ್ನ ಗೂಡಿನ ಅಳತೆ ಬೇಕಾದರೆ ಬಂದು ಟೇಪ್ ಹಿಡಿಯಬಹುದು.

ಅಲ್ಲಿಯವರೆಗೆ ಬರುವವರು ಹಿಂದಿನ ದಿನವೇ ಹೇಳಿ ಬನ್ನಿ, ದುಡ್ಡೇನೂ ಬೇಡ. ಸಂತೆ ದಿನ ಮಾತ್ರ ಆಗುವುದಿಲ್ಲ, ಆವತ್ತು ಮಷಿನ್ ನಿಲ್ಲಿಸುವುದು ಕಷ್ಟ.

ಇತಿ,
ಒಬ್ಬ ಜೆರಾಕ್ಸ್ ಅಂಗಡಿಯವ, ಶಿರಸಿ